ಚೌತಿಯೊಳಗೊಂದು ಗಿರಾಕಿ

ವಾಷಿಂಗ್ ಮಷಿನ್ ತರಲೆಂದು ಅಂಕೋಲೆಯಿಂದ ಕಾರವಾರಕ್ಕೆ ಹೋದ ನಾನು ಕ್ಯಾಮೆರಾ ಹಿಡಿದುಕೊಂಡು ಮನೆಗೆ ಬಂದೆ. ಇದನ್ನು ಹೀಗೆ ಒಂದೇ ಉಸಿರಿಗೆ ಹೇಳಿಬಿಡುವುದು ಒಳ್ಳೆಯದು. ಸುತ್ತಿ ಬಳಸಿ ಹೇಳಿದರೆ ತಪ್ಪು ಕಡಿಮೆಯಾಗುವುದಿಲ್ಲ ಎಂದು ಆ ಸಂಜೆಯೇ ಗೊತ್ತಾಗಿತ್ತು. ಎರಡು ಅಂಗಡಿಗಳೂ ಅಕ್ಕಪಕ್ಕದಲ್ಲಿದ್ದವು. ಮಷಿನ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಬಿಸಿಲಲ್ಲಿ ನಿಲ್ಲುವುದೇಕೆಂದು ಪಕ್ಕದ ಅಂಗಡಿಯೊಳಗೆ ಕಾಲಿಟ್ಟೆ. ಆಮೇಲೆ ನಡೆದದ್ದೆಲ್ಲ ವಿಧಿಲಿಖಿತ. ನನ್ನ ಹೆಂಡತಿ ವತ್ಸಲಾ ಮಾತ್ರ ಇದರಲ್ಲಿ ವಿಧಿಯ ಕೈವಾಡವನ್ನು ಇವತ್ತಿಗೂ ಒಪ್ಪಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಲೆಕ್ಕದ ಮನುಷ್ಯ ಎಂದು ಜನ ತಪ್ಪು ತಿಳಿಯುವುದು ಸಹಜ. ಆ ಸಂಜೆ ಹೆಂಡತಿಯ ಮುಂದೆ ನಾನು ಮಂಡಿಸಿದ ಲೆಕ್ಕವನ್ನು ನನ್ನ ಎಂಟನೇ ಇಯತ್ತೆಯ ಮಕ್ಕಳು ಬರೆದಿದ್ದರೆ ಸೊನ್ನೆ ಸುತ್ತಿ ಕೊಡುತ್ತಿದ್ದೆ. ಇದು ಖರ್ಚಲ್ಲ, ಬಂಡವಾಳ ಎಂದೆ. ಹವ್ಯಾಸಕ್ಕೆಂದು ಫೋಟೋ ತೆಗೆಯುವವರು ಮನೆಯಲ್ಲೇ ಕೂತು ಸಂಪಾದಿಸುತ್ತಾರೆ, ಮೊಬೈಲಿನಲ್ಲಿ ಒಬ್ಬ ತಜ್ಞ ವಿವರವಾಗಿ ಹೇಳಿದ್ದಾನೆ ಎಂದೆ. ಆ ಸಂಪಾದನೆಯಲ್ಲಿ ಒಂದಲ್ಲ, ಎರಡು ಮಷಿನ್ ಬರುತ್ತವೆ ಎಂದೂ ಅಂದ ನೆನಪು. ಅವಳು ಒದ್ದೆ ಸೆರಗನ್ನು ಹಿಂಡುತ್ತಾ ಕೊನೆಯವರೆಗೂ ಕೇಳಿಸಿಕೊಂಡಳು.

“ಆಯ್ತು. ಮುಂದಿನ ಚೌತಿಯೊಳಗೆ ಒಂದೇ ಒಂದು ಗಿರಾಕಿ ತಂದು ತೋರ್ಸಿ. ನೆಂಟ್ರು ಲೆಕ್ಕಕ್ಕಿಲ್ಲ. ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಮಾರಿ ಮಷಿನ್ ತರೂದು.”

ವರ್ಷಕ್ಕೆ ಒಂದೇ ಗಿರಾಕಿ! ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಹೊಸದಾಗಿ ಕ್ಯಾಮೆರಾ ಕೊಂಡವನು ಮೊದಲು ಸೂರ್ಯನ ಬೆನ್ನು ಹತ್ತುತ್ತಾನೆ. ಅವನಾದರೆ ದುಡ್ಡು ಕೇಳುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ದಿನಾ ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತಾನೆ. ಶನಿವಾರ ಬಂತೆಂದರೆ ನಾನು ಕಾರವಾರದ ಕಡಲ ದಂಡೆಯಲ್ಲಿ. ಕೂರ್ಮಗಡ ದ್ವೀಪದ ಆಚೆ ಮುಳುಗುವ ಸೂರ್ಯ, ಕಾಳಿ ಸೇತುವೆಯ ಕೆಳಗೆ ಮುಳುಗುವ ಸೂರ್ಯ, ದೋಣಿಯೊಳಗೆ ಬಿದ್ದಂತೆ ಕಾಣುವ ಸೂರ್ಯ, ಹೀಗೆ ಅವನನ್ನು ಮುಳುಗಿಸಿದ್ದೇ ಮುಳುಗಿಸಿದ್ದು. ಫೋಟೋ ಮಾರುವ ತಾಣವೊಂದಕ್ಕೆ ಎಲ್ಲವನ್ನೂ ಏರಿಸಿ ಕಾದೆ. ನೋಡಿದರೆ, ಪ್ರಪಂಚದಲ್ಲಿ ಸಮುದ್ರವಿರುವ ಊರಿನ ಮಾಸ್ತರರೆಲ್ಲ ನನಗಿಂತ ಮೊದಲೇ ತಮ್ಮ ತಮ್ಮ ಸೂರ್ಯರನ್ನು ತಂದು ಅಲ್ಲಿ ಸುರಿದಿದ್ದರು. ನನ್ನವನನ್ನು ಕೇಳುವವರೇ ಇರಲಿಲ್ಲ.

ಛಾಯಾಗ್ರಹಣ ಎಂಬ ಮಾತನ್ನು ಒಮ್ಮೆ ಯೋಚಿಸಿ ನೋಡಿ. ನೆರಳನ್ನು ಹಿಡಿಯುವುದು. ಸಮುದ್ರದ ಮೇಲೆ ಹಾರಿ ಹೋಗುವವರ ನೆರಳು ಹಿಡಿದೆಳೆದು ನುಂಗುತ್ತಿದ್ದ ರಾಕ್ಷಸಿಯೊಬ್ಬಳ ಕತೆ ಪುರಾಣದಲ್ಲಿದೆ. ನೆರಳು ಹಿಡಿದು ಹೊಟ್ಟೆ ತುಂಬಿಸಿಕೊಂಡವರು ನನಗೆ ತಿಳಿದಂತೆ ಅವಳೊಬ್ಬಳೇ. ಅವಳಿಗೂ ಕೊನೆಗೆ ಒಳ್ಳೆಯದಾಗಲಿಲ್ಲ. ಕ್ಯಾಮೆರಾ ಕೊಳ್ಳುವ ಮೊದಲೇ ಇದು ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ವತ್ಸಲಾ ಅಂದಳು.

ಗಿರಾಕಿಗಳು ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಅಗಸೂರಿನ ಭಾವನೊಬ್ಬ ಮಗಳ ನಾಮಕರಣಕ್ಕೆ ಕರೆದ. ತೋರಣದ ಮಾವಿನೆಲೆಯ ತುದಿಯಲ್ಲಿ ನಿಂತಿದ್ದ ನೀರ ಹನಿಯನ್ನು ನಾನು ಮೈಮರೆತು ತೆಗೆಯುತ್ತಿದ್ದಾಗ ಒಳಗೆ ಮಗುವಿಗೆ ಹೆಸರಿಟ್ಟು ಮುಗಿಸಿಬಿಟ್ಟಿದ್ದರು. ಅವನು ಕೊಟ್ಟ ಎರಡು ತೆಂಗಿನಕಾಯಿ ಹೇಗೂ ಲೆಕ್ಕಕ್ಕಿಲ್ಲ, ನೆಂಟ. ಆಮೇಲೆ ಕದ್ವಾಡದಿಂದ ಒಬ್ಬರು ನಿಜವಾದ ಅಪರಿಚಿತರು ಫೋನು ಮಾಡಿದರು. ಮನೆ ಮಾರಬೇಕು, ನಾಲ್ಕು ಫೋಟೋ ತೆಗೆದುಕೊಡಿ, ದುಡ್ಡು ಕೊಡುತ್ತೇನೆ ಎಂದರು. ನನ್ನೊಳಗಿನ ಕಲಾವಿದ ಎದ್ದು ಕುಳಿತ. ಪಾಗಾರದ ಗೋಡೆಯ ಪಾಚಿ, ಅಟ್ಟದ ಜೇಡರ ಬಲೆ, ಅರೆತೆರೆದ ಕಿಟಕಿಯಲ್ಲಿ ಬೀಳುವ ಒಂದೇ ಒಂದು ಕೋಲು ಬಿಸಿಲು, ಎಲ್ಲವನ್ನೂ ಕಪ್ಪು ಬಿಳುಪಿನಲ್ಲಿ ತೆಗೆದು ಕಳಿಸಿದೆ. ಸಂಜೆಗೆ ಫೋನು ಬಂತು.

“ಮಾಸ್ತರ್ರೆ, ನಾ ಹೇಳಿದ್ದು ಮನೆ ಮಾರೂಕೆ. ಜನ್ರನ್ನ ಹೆದರ್ಸೂಕಲ್ಲ.”

ಕೊನೆಗೆ ಅವರು ತಮ್ಮ ಮೊಬೈಲಿನಲ್ಲೇ ಫೋಟೋ ಹೊಡೆದುಕೊಂಡರು. ಮನೆ ಆ ವಾರವೇ ಮಾರಿಹೋಯಿತಂತೆ.

ಪ್ರಕೃತಿ, ವಾಸ್ತು ಎರಡೂ ಕೈಕೊಟ್ಟ ಮೇಲೆ ಉಳಿದದ್ದು ಮನುಷ್ಯರು. ದುಡಿಯುವ ಜನರ ಮುಖದಲ್ಲಿ ಜೀವನವಿದೆ ಎಂದು ಆ ಮೊಬೈಲಿನ ತಜ್ಞನೂ ಹೇಳಿದ್ದ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಅಂಕೋಲೆಯ ಮೀನು ಪೇಟೆಗೆ ಹೋದೆ. ನಮ್ಮದು ಮೀನು ತಿನ್ನದ ಮನೆ. ಪೇಟೆಯ ರೀತಿ ನೀತಿ ಒಂದೂ ನನಗೆ ಗೊತ್ತಿಲ್ಲ. ಬುಟ್ಟಿಯ ಮುಂದೆ ಕೂತಿದ್ದ ಹೆಂಗಸೊಬ್ಬಳು ಬಂಗಡೆ ಮೀನು ಜೋಡಿಸುತ್ತಿದ್ದಳು. ಕ್ಲಿಕ್ ಎನ್ನಿಸಿದೆ. ಅವಳು ಥಟ್ಟನೆ ತಲೆ ಎತ್ತಿದಳು.

“ಹೋಯ್ ಮಾಸ್ತರ್ರೆ! ಬೋಣಿಗೆ ಆಗೂಕಿಂತ ಮೊದ್ಲೇ ಫೋಟೋ ಹೊಡೆದ್ರಲ್ಲಾ, ಈಗ ನನ್ನ ಬುಟ್ಟಿ ಯಾರು ಖಾಲಿ ಮಾಡ್ತ್ರು? ನೀವೇ ಬೋಣಿಗೆ ಮಾಡಿ ಹೋಗಿ.”

ದಿನದ ಮೊದಲ ವ್ಯಾಪಾರ ಆಗುವವರೆಗೆ ಬುಟ್ಟಿಗೆ ಯಾರ ಕಣ್ಣೂ ಬೀಳಬಾರದು, ಕ್ಯಾಮೆರಾದ ಕಣ್ಣಂತೂ ಬೀಳಲೇಬಾರದು. ಅಕ್ಕಪಕ್ಕದ ಹೆಂಗಸರೆಲ್ಲ ಹೌದು ಹೌದೆಂದು ಸಾಕ್ಷಿ ನುಡಿದರು. ಹತ್ತು ಬಂಗಡೆ ಕೊಂಡೆ. ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡು ಬಂದು ಪಕ್ಕದ ಮನೆಯ ನಾಯಕರಿಗೆ ಕೊಟ್ಟೆ. ಅಷ್ಟಕ್ಕೇ ಬುದ್ಧಿ ಬರಬೇಕಿತ್ತು. ಆದರೆ ಬೆಳಗಿನ ಬೆಳಕು ಚೆನ್ನಾಗಿರುವುದೇ ಬೋಣಿಗೆಗೆ ಮೊದಲು, ನಾನೇನು ಮಾಡಲಿ? ಭಾನುವಾರಕ್ಕೊಂದು ಒಳ್ಳೆಯ ಫೋಟೋ, ಒಂದು ಚೀಲ ಮೀನು. ನನ್ನ ಫೋಟೋಗ್ರಫಿಯಿಂದ ಆ ವರ್ಷ ನಿಜವಾಗಿ ಲಾಭ ಮಾಡಿಕೊಂಡವರು ನಾಯಕರೊಬ್ಬರೇ.

“ಮಾಸ್ತರ್ರೆ, ಈ ಆಯ್ತವಾರ ಫೋಟೋ ಇಲ್ವಾ?” ಎಂದು ಬೇಲಿಯ ಆಚೆಯಿಂದ ವಿಚಾರಿಸುತ್ತಿದ್ದರು. “ಪೇಟೆಗೆ ಇಸ್ವಾಣ ಮೀನು ಬಂದದಂತೆ. ಅದ್ರ ಫೋಟೋ ಚಲೋ ಬರ್ತದೆ.”

ಅದೇ ಬಂಗಡೆಯ ಹೆಂಗಸಿನ ಫೋಟೋ ಒಂದನ್ನು ಕಾರವಾರದ ಸ್ಪರ್ಧೆಯೊಂದಕ್ಕೆ ಕಳಿಸಿದೆ. ಕೆನ್ನೆಗೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ಎತ್ತಲೋ ನೋಡುತ್ತ ಕೂತ ಫೋಟೋ. ಕೆಳಗೆ ‘ಬದುಕಿನ ಹೋರಾಟ’ ಎಂದು ಬರೆದೆ. ಬರೆಯುವಾಗ ನನಗೇ ಕಣ್ಣು ಒದ್ದೆಯಾಗಿತ್ತು. ಪ್ರವೇಶಧನ ನಾನು ಕೊಟ್ಟೆ, ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಅವರು ಕೊಟ್ಟರು. ಅಲ್ಲಿಗೆ ಮಳೆಗಾಲ ಹಿಡಿಯಿತು.

ನಮ್ಮ ಕಡೆಯ ಮಳೆಗಾಲದಲ್ಲಿ ಬಟ್ಟೆ ಒಗೆಯುವುದು ಒಂದು ಕಷ್ಟ, ಒಣಗಿಸುವುದು ಹತ್ತು ಕಷ್ಟ. ಮನೆಯೊಳಗೆಲ್ಲ ಹಗ್ಗ ಕಟ್ಟಿ, ನಾವಿಬ್ಬರೂ ಒದ್ದೆ ಅಂಗಿಗಳ ನಡುವೆ ಬಗ್ಗಿ ಬಗ್ಗಿ ಓಡಾಡುತ್ತಿದ್ದೆವು. ವತ್ಸಲಾ ಮಷಿನಿನ ಸುದ್ದಿ ಎತ್ತಲಿಲ್ಲ. ಕ್ಯಾಲೆಂಡರಿನಲ್ಲಿ ಚೌತಿಗೆ ಇನ್ನೆಷ್ಟು ದಿನ ಎಂದು ನೋಡುವುದನ್ನು ಮಾತ್ರ ಬಿಡಲಿಲ್ಲ. ನಾನೂ ಗುಟ್ಟಾಗಿ ಹಳೆಯ ಕ್ಯಾಮೆರಾಗಳಿಗೆ ಏನು ದರ ಬರುತ್ತದೆಂದು ವಿಚಾರಿಸತೊಡಗಿದ್ದೆ. ದರ ಕೇಳಿ ಬಂದ ರಾತ್ರಿ ಕ್ಯಾಮೆರಾವನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ಚೌತಿಗೆ ಆರು ದಿನವಿದ್ದಾಗ ನಾಯಕರು ಬೇಲಿಯ ಹತ್ತಿರ ಬಂದು, ಮೀನು ಪೇಟೆಯಲ್ಲಿ ನನ್ನನ್ನು ಕೇಳುತ್ತಿದ್ದಾರೆ ಎಂದರು. ಯಾವ ಬೋಣಿಗೆ ಬಾಕಿ ಉಳಿಯಿತೋ ಎಂದುಕೊಂಡು ಹೋದೆ. ವಿಷಯ ಬೇರೆ ಇತ್ತು. ಮಾರುವವರಿಗೆಲ್ಲ ಹೊಸ ಗುರುತಿನ ಚೀಟಿ ಆಗಬೇಕಂತೆ, ಅದಕ್ಕೆ ಬಿಳಿ ಹಿನ್ನೆಲೆಯ ಫೋಟೋ ಬೇಕಂತೆ. ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತಿಗೇ ಇಲ್ಲಿ ವ್ಯಾಪಾರದ ಭರ. ಬುಟ್ಟಿ ಬಿಟ್ಟು ಹೋಗುವಂತಿಲ್ಲ.

“ಒಬ್ಬೊಬ್ಬರಿಗೆ ಎಷ್ಟು?” ಎಂದು ಬಂಗಡೆಯ ಹೆಂಗಸು ಕೇಳಿದಳು. ಪ್ರತಿಗಳೂ ಸೇರಿ ನಲವತ್ತು ಎಂದೆ.

“ನಲವತ್ತಾ! ಮುಖ ಒಂದೇ ಅಲ್ವೆ ತೆಗೆಯೂದು, ಕೈಕಾಲು ಬೇಡ. ಇಪ್ಪತ್ತೈದು ಮಾಡಿ.”

ದಿನಾ ಇಡೀ ಅಂಕೋಲೆಯ ಜೊತೆ ಚೌಕಾಶಿ ಮಾಡುವವಳ ಎದುರು ಗಣಿತದ ಮಾಸ್ತರ ಎಷ್ಟು ಹೊತ್ತು ನಿಂತಾನು? ಇಪ್ಪತ್ತೈದಕ್ಕೇ ಒಪ್ಪಿದೆ. ನನ್ನ ಬಿಳಿ ಪಂಚೆಯನ್ನು ಪೇಟೆಯ ಎರಡು ಕಂಬಗಳ ನಡುವೆ ಕಟ್ಟಿಸಿದೆ. ಬೋಣಿಗೆ ಆದವರು ಬನ್ನಿ ಎಂದು ನಾನೇ ಮೊದಲು ಹೇಳಿದೆ, ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಹದಿನಾಲ್ಕು ಜನ. ಬರುವವರೆಲ್ಲ ಆ ಪಂಚೆಗೇ ಕೈ ಒರೆಸಿಕೊಂಡು ಕೂರುವವರು. ಕಲೆಗೆ ಅಲ್ಲಿ ಜಾಗವಿರಲಿಲ್ಲ. ನೇರ ನೋಡಿ, ಬಾಯಿ ಮುಚ್ಚಿ, ಆಯ್ತು, ಮುಂದಿನವರು. ಯಾರ ಫೋಟೋ ಯಾವುದೆಂದು ಬರೆದುಕೊಳ್ಳಬೇಕಲ್ಲ, ಬಂಗಡೆಯ ಹೆಂಗಸಿನ ಹೆಸರು ಕೇಳಿದೆ.

“ವರ್ಷ ಇಡೀ ನನ್ನ ಫೋಟೋ ಹೊಡೆದ್ರಿ, ಹೆಸ್ರು ಈಗ ಕೇಳೂದಾ? ದೇವಕಿ ಹೇಳಿ ಬರ್ಕಣಿ.”

ಮುಖ ಎಲ್ಲಿಡಲಿ? ಮುಜುಗರ ಮುಚ್ಚಿಕೊಳ್ಳಲು ಮೊಬೈಲಿನಲ್ಲಿದ್ದ ಸ್ಪರ್ಧೆಯ ಫೋಟೋ ತೋರಿಸಿದೆ. ಹೆಸರು ಗೊತ್ತಿಲ್ಲದಿದ್ದರೇನು, ಅವಳ ಕಷ್ಟ ನನಗೆ ಗೊತ್ತಿತ್ತು ಎಂಬ ಧೈರ್ಯ. ಕೆಳಗಿನ ಎರಡು ಮಾತನ್ನು ಓದಿಯೂ ಹೇಳಿದೆ. ದೇವಕಿ ಮೊಬೈಲನ್ನು ಹತ್ತಿರ ಹಿಡಿದು ನೋಡಿ, ಪೇಟೆಯೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು.

“ಅಯ್ಯ ಮಾರಾಯ್ರೆ, ಇದು ಹೋರಾಟ ಅಲ್ಲ, ದವಡೆಹಲ್ಲು! ಅವತ್ತು ಜೀವ ಹೋಗೂ ಹಾಂಗೆ ನೋಯ್ತಿತ್ತು. ಮರುದಿನ ಕೀಳ್ಸಿ ಒಗೆದೆ.”

ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ಮುದ್ರಣದ ಖರ್ಚು ಕಳೆದು ಉಳಿದ ನೋಟುಗಳನ್ನು ತಂದು ವತ್ಸಲಾಳ ಕೈಯಲ್ಲಿಟ್ಟೆ. ಅವಳು ಮೂಸಿ ನೋಡಿ ಮುಖ ಸಿಂಡರಿಸಿದಳು. ದೇವರ ಮುಂದೆ ಇಡಲೋ ಬೇಡವೋ ಎಂದು ಒಂದು ಕ್ಷಣ ನಿಂತಳು. ಆಮೇಲೆ ದೀಪದ ಪಕ್ಕ ಇಟ್ಟೇಬಿಟ್ಟಳು. ದೇವರು ಏನೂ ಅನ್ನಲಿಲ್ಲ.

“ಗೆದ್ರಿ ಬಿಡಿ. ಕ್ಯಾಮೆರಾ ಇರ್ಲಿ,” ಎಂದು ನಕ್ಕಳು. ಮುನಿಸಿನ ನಗುವಲ್ಲ, ನಿಜವಾದ ನಗು. ಮುನಿಸಾದರೆ ಸಹಿಸಬಹುದಿತ್ತು, ಆ ನಗುವನ್ನು ಸಹಿಸಲಾಗಲಿಲ್ಲ. ಮೀನು ವಾಸನೆಯ ಪಂಚೆಯನ್ನು ಬಕೆಟ್ಟಿಗೆ ಹಾಕಿಕೊಂಡು ಅವಳು ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿಗೆ ಹೋದಳು. ಬಗ್ಗುವ ಮೊದಲು ಒಂದು ಕೈಯಿಂದ ಸೊಂಟ ಒತ್ತಿಕೊಂಡಳು. ದುಡಿಯುವ ಜನರನ್ನು ಹುಡುಕಿಕೊಂಡು ನಾನು ಭಾನುವಾರ ಭಾನುವಾರ ಪೇಟೆಗೆ ಅಲೆದಿದ್ದೆ. ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಒಮ್ಮೆಯೂ ಹೊರಗೆ ನೋಡಿರಲಿಲ್ಲ. ನಾಚಿಕೆಯಾಯಿತು. ಹೋಗಿ ಬಕೆಟ್ಟು ಕಸಿದುಕೊಂಡೆ.

“ಬೇಡ ಬಿಡಿ! ನೀವು ತಿಕ್ಕಿದ್ರೆ ಹರಿದೇ ಹೋಗ್ತದೆ,” ಎಂದಳು. ಹರಿಯಲಿಲ್ಲ. ವಾಸನೆಯೂ ಹೋಗಲಿಲ್ಲ.

ಹವ್ಯಾಸಕ್ಕೆ ಕ್ಯಾಮೆರಾ ಹಿಡಿದ ಹೊಸಬನಿಗೆ ಸಂಪಾದನೆ ಆಗುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ, ಖಂಡಿತ ಆಗುತ್ತದೆ ಎನ್ನುತ್ತೇನೆ. ಸೂರ್ಯನನ್ನು ಅವನ ಪಾಡಿಗೆ ಬಿಟ್ಟು, ಜನ ಕೇಳಿದ್ದನ್ನು ಕೇಳಿದ ಹಾಗೆ ತೆಗೆದುಕೊಟ್ಟರೆ ಸಾಕು. ಈಗ ಪೇಟೆಯವರ ಮಕ್ಕಳು ಮರಿಗಳ ಫೋಟೋಗಳೂ ನನಗೇ ಬರುತ್ತವೆ, ಆ ದುಡ್ಡನ್ನು ಮಷಿನಿಗೆಂದು ಡಬ್ಬಿಯಲ್ಲಿ ಹಾಕುತ್ತೇನೆ. ಅದು ಬರುವವರೆಗೆ ಮನೆಯ ಬಟ್ಟೆ ಒಗೆಯುವವನು ನಾನೇ ಎಂದು ನಾನಾಗಿಯೇ ಒಪ್ಪಿಕೊಂಡಿದ್ದೇನೆ. ಇನ್ನೂ ಎಷ್ಟು ಮುಖ ತೆಗೆದರೆ ಒಂದು ಮಷಿನ್ ಆಗುತ್ತದೆ ಎಂದು ಮೊನ್ನೆ ಕಲ್ಲಿನ ಮೇಲೆ ಅಂಗಿ ಕುಕ್ಕುತ್ತಾ ಲೆಕ್ಕ ಹಾಕಿದೆ. ಅಂಕೋಲೆಯ ಇಡೀ ಮೀನು ಪೇಟೆಯಲ್ಲಿ ಅಷ್ಟು ಜನ ಇದ್ದಾರೋ ಇಲ್ಲವೋ! ಹೆಂಡತಿಗೆ ಹೇಳಿಲ್ಲ. ಅವಳಿಗೆ ಲೆಕ್ಕ ನನಗಿಂತ ಚೆನ್ನಾಗಿ ಬರುತ್ತದೆ, ಅದಕ್ಕೇ, ಪುಕ್ಕಟೆ ಒಗೆಯುವವನು ಸಿಕ್ಕಿದ ಮೇಲೆ, ಮಷಿನಿನ ಹೆಸರೆತ್ತುವುದನ್ನೇ ಬಿಟ್ಟಿದ್ದಾಳೆ.