ಬಾಡಿಗೆದಾರರ ಸಮೇತ ಕೊಂಡ ಮನೆ

ನನ್ನ ಮಾತು ಕೇಳಿ ಲೀಲಾವತಿ ಮಂಗಳೂರಿನಲ್ಲಿ ಒಂದು ಮನೆ ಕೊಂಡಳು. ಇವತ್ತು ಅವಳಿಗೆ ಇರಲು ಮನೆಯಿಲ್ಲ.

ಲೀಲಾವತಿ ಇಲ್ಲಿ ಕುವೈತಿನ ಜಹ್ರಾದ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿದ್ದವಳು. ಹನ್ನೊಂದು ವರ್ಷದ ವಾಸ. ಮದುವೆಯಾಗಿಲ್ಲ. ತಂಗಿಯರಿಬ್ಬರನ್ನು ದಡ ಸೇರಿಸಿ, ಉಳಿದದ್ದರಲ್ಲಿ ತನಗೊಂದು ಮನೆ ಮಾಡಿಕೊಳ್ಳುವ ಆಸೆ. ಈ ದೇಶದಲ್ಲಂತೂ ನಮಗೆ ಒಂದಡಿ ನೆಲ ಕೊಳ್ಳುವ ಹಕ್ಕಿಲ್ಲ. ಊರಲ್ಲೇ ಆಗಬೇಕು. ನಾನೋ ಬ್ಯಾಂಕಿನವನು, ಇಲ್ಲಿನ ಕನ್ನಡಿಗರ ಪಾಲಿಗೆ ಶುಕ್ರವಾರದ ರಜೆಯ ಪುಕ್ಕಟೆ ಸಲಹೆಗಾರ. (ಅದು ನನಗೂ ಇಷ್ಟವೇ. ಸುಳ್ಳೇಕೆ ಹೇಳಲಿ?)

ನಾಲ್ಕು ವರ್ಷದ ಹಿಂದೆ ಸಲ್ವಾದ ನಮ್ಮ ಫ್ಲಾಟಿಗೆ ಬಂದು ಪತ್ರಗಳ ಕಟ್ಟು ಬಿಚ್ಚಿದಳು.

“ರೇಟ್ ಕಡಿಮೆ ಉಂಟು ಸಾರ್. ಒಳಗೆ ಬಾಡಿಗೆಯವರು ಇದ್ದಾರಂತೆ. ತೊಂದರೆ ಇಲ್ಲವಾ?”

ಪತ್ರ ನೋಡಿದೆ. ಟೈಟಲ್ ಕ್ಲೀನ್. ಸಾಲವಿಲ್ಲ. ತೆರಿಗೆ ಕಟ್ಟಿದೆ.

“ತೊಂದರೆ ಏನು? ಮೊದಲ ತಿಂಗಳಿಂದಲೇ ಬಾಡಿಗೆ. ಬೇಕಾದಾಗ ಬಿಡಿಸಿಕೊಳ್ಳಿ, ಬೇಡವಾದರೆ ಮಾರಿ” ಅಂದೆ.

ಎಷ್ಟು ಸಲೀಸಾಗಿ ಹೇಳಿದೆ ನೋಡಿ. ಇಷ್ಟು ಅಗ್ಗಕ್ಕೆ ಯಾಕೆ ಮಾರುತ್ತಿದ್ದಾರೆ? ಬಾಡಿಗೆ ಕರಾರು ಎಲ್ಲಿ? ಒಳಗಿರುವವರು ಎಷ್ಟು ವರ್ಷದಿಂದ ಇದ್ದಾರೆ? ಒಂದನ್ನೂ ಕೇಳಲಿಲ್ಲ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ತೀರ್ಪು ಕೊಟ್ಟುಬಿಟ್ಟೆ.

ಒಳಗಿದ್ದವರು ಹತ್ತೊಂಬತ್ತು ವರ್ಷದಿಂದ ಇದ್ದರು. ಟೈಲರ್ ಸಂಜೀವ, ಹೆಂಡತಿ, ಮೂವರು ಹೆಣ್ಣುಮಕ್ಕಳು. ಬಾಡಿಗೆ ಹೆಚ್ಚುಕಡಿಮೆ ಅಂದಿನದೇ. ಕೆಟ್ಟ ಮನುಷ್ಯನಲ್ಲ. ತಿಂಗಳು ತಪ್ಪದೆ ಕಟ್ಟುತ್ತಿದ್ದ. ಆಗಾಗ ಒಂದು ಕಾಗದವೂ ಬರುತ್ತಿತ್ತು: ಹಂಚು ಸೋರುತ್ತಿದೆ, ಬಾವಿಯ ರಾಟೆ ಮುರಿದಿದೆ, ದಯವಿಟ್ಟು ಗಮನಿಸಿ. ಒಂದು ವರ್ಷ ಬಂದ ಬಾಡಿಗೆಯೆಲ್ಲ ರಿಪೇರಿಗೇ ಹೋಯಿತು. (ಬಾಡಿಗೆ ಲೆಕ್ಕ ಹಾಕುವವರು ಹಂಚಿನ ಲೆಕ್ಕ ಹಾಕುವುದಿಲ್ಲ.)

ಎಣ್ಣೆಯ ಬೆಲೆ ಬಿದ್ದ ಮೇಲೆ ಇಲ್ಲಿ ಎಲ್ಲ ಕಡೆ ಜನ ಕಡಿಮೆ ಮಾಡುತ್ತಿದ್ದಾರಲ್ಲ, ಲೀಲಾವತಿಯ ಸರದಿಯೂ ಬಂತು.

“ಇಕಾಮಾ ರಿನ್ಯೂ ಮಾಡುವುದಿಲ್ಲಂತೆ ಸಾರ್. ಖಲಾಸ್ ಅಂದರು, ಅಷ್ಟೆ.” ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲದಿದ್ದರೆ ದೇಶ ಬಿಡಬೇಕು. ಆದರೂ ಮುಖದಲ್ಲಿ ಗಾಬರಿಯಿರಲಿಲ್ಲ. “ಹೇಗೂ ಮನೆ ಉಂಟಲ್ಲ” ಅಂದಳು.

ಸಂಜೀವನಿಗೆ ಬರೆದಳು. ಉತ್ತರ ಬಂತು: “ಅಕ್ಕಾ, ನಾವು ಎಲ್ಲಿಗೆ ಹೋಗುವುದು? ಹೊರಗೆ ಈಗ ಇದರ ಎಂಟು ಪಟ್ಟು ಬಾಡಿಗೆ.” ಸುಳ್ಳಲ್ಲ. ವಕೀಲರನ್ನು ಕೇಳಿದರೆ, ಸ್ವಂತ ವಾಸಕ್ಕೇ ಬೇಕೆಂದು ಕೋರ್ಟಿನಲ್ಲಿ ರುಜುವಾತು ಮಾಡಬೇಕು, ಮೇಲೆ ಅಪೀಲು, ವರ್ಷಗಳೇ ಹಿಡಿಯಬಹುದು ಅಂದರು. ಮಾರಿಬಿಡೋಣವೆಂದು ತಂಗಿಯ ಮೂಲಕ ಪತ್ರ ತೋರಿಸಿದರೆ ಊರಿನ ಬ್ರೋಕರ್ ಕೇಳಿದ್ದು ಒಂದೇ ಪ್ರಶ್ನೆ: “ಖಾಲಿ ಉಂಟಾ?” ಇಲ್ಲ ಅಂದದ್ದೇ ಪತ್ರ ಮಡಚಿ ವಾಪಸ್ ಕೊಟ್ಟನಂತೆ. ಅವಳಿಗೆ ಮಾರಿದವನು ಬಹುಶಃ ಕಾಯುತ್ತಿದ್ದದ್ದು ನನ್ನಂಥ ಸಲಹೆಗಾರನಿರುವ ಗಿರಾಕಿಗೇ.

ಹೊರಡುವ ದಿನ ನಮ್ಮಲ್ಲೇ ಊಟ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ವಿಮಾನ ಎಷ್ಟು ಗಂಟೆಗೆ ಅಂತ ಕೇಳಿದೆ.

“ನಿಮ್ಮದೇನೂ ತಪ್ಪಿಲ್ಲ ಸಾರ್” ಅಂದಳು ಅವಳೇ. ಬೈದಿದ್ದರೆ ವಾಸಿಯಿತ್ತು.

ಈ ವಾರ ಅವಳ ಕಾಗದ ಬಂದಿದೆ. ತಂಗಿಯ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದಾಳೆ. ತಂಗಿಯ ಗಂಡನ ಮುಖ ದಿನದಿನಕ್ಕೆ ಗಂಟಾಗುತ್ತಿದೆ. ಒಂದು ರೂಮು ನೋಡಿದಳಂತೆ. ಅದರ ಬಾಡಿಗೆ, ತನಗೆ ಬರುವ ಬಾಡಿಗೆಗಿಂತ ಹೆಚ್ಚು. ಕೊನೆಗೆ ಧೈರ್ಯ ಮಾಡಿ ತನ್ನ ಮನೆಗೆ ಹೋದಳು. ರಜೆಯಲ್ಲಿ ಊರಿಗೆ ಹೋದಾಗ ರಸ್ತೆಯಿಂದ ನೋಡಿದ್ದಷ್ಟೆ, ಒಳಗೆ ಕಾಲಿಟ್ಟದ್ದು ಇದೇ ಮೊದಲು. ಸಂಜೀವನ ಹೆಂಡತಿ ಕಾಫಿ ಕೊಟ್ಟಳು. ದೊಡ್ಡ ಮಗಳಿಗೆ ಮದುವೆ ಗೊತ್ತಾಗಿದೆ, ಇದೇ ಅಂಗಳದಲ್ಲಿ ಚಪ್ಪರ, ನೀವು ಬರಲೇಬೇಕು ಅಂದಳು. ಇವಳು ಕುರ್ಚಿಯ ತುದಿಯಲ್ಲಿ ಕೂತದ್ದು ನೋಡಿ ಇನ್ನೊಂದು ಮಾತೂ ಸೇರಿಸಿದಳಂತೆ:

“ಸಂಕೋಚ ಮಾಡಬೇಡಿ ಅಕ್ಕಾ. ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ.”

ಕೊಳ್ಳುವ ಮೊದಲು ಆ ಬಾಗಿಲನ್ನು ಒಮ್ಮೆ ತಟ್ಟಿ ಬನ್ನಿ ಅಂತ ಹೇಳಲು ನನಗೇನು ಕಷ್ಟವಿತ್ತು?