ಹೊಕ್ಕಳಿಗೆ ಹಚ್ಚಿದ ಬೂದಿ

ಮೈಲಾರವ್ವ ಮಿಶ್ರಿಕೋಟಿಯ ಸೂಲಗಿತ್ತಿ. ಸ್ವಂತ ಮೊಮ್ಮಗಳು ತಾಯವ್ವನ ಹೊಕ್ಕಳಬಳ್ಳಿ ಕೊಯ್ದವಳೂ ಅವಳೇ. ೧೯೮೬ರ ಸುಗ್ಗಿಯಲ್ಲಿ, ಎಂಟು ವರ್ಷದ ತಾಯವ್ವ ಕಣದಲ್ಲಿ ಆಡುತ್ತಿದ್ದವಳು ಕುಸಿದು ಕೂತು ರಕ್ತ ಕಾರಿಕೊಂಡಳು. ಮೈಲಾರವ್ವನೂ ಅವಳ ಮಗಳು, ಹುಡುಗಿಯ ತಾಯಿ ಹನಮವ್ವನೂ ಅವಳನ್ನು ಹೊತ್ತು ಹುಬ್ಬಳ್ಳಿಯ ಬಸ್ಸು ಹತ್ತಿದರು.

ಆಸ್ಪತ್ರೆಯ ಡಾಕ್ಟರು ಹೊಟ್ಟೆ ಅದುಮಿ, ಎಡಗಡೆ ಗಟ್ಟಿಯಾಗಿ ಊದಿದ್ದು ಕಂಡು ಕೇಳಿದರು: "ಕೂಸಿದ್ದಾಗ ಹೊಕ್ಕಳಾ ಕೀವಾಗಿತ್ತೇನ್ರಿ?"

ಆಗಿತ್ತು. ಬಳ್ಳಿ ಕೊಯ್ದ ಗಾಯಕ್ಕೆ ಸಗಣಿ ಕುಳ್ಳಿನ ಬೂದಿ ಒತ್ತಿದವಳು ಮೈಲಾರವ್ವನೇ. ಹನಮವ್ವ ಆಗ ಬಾಣಂತಿ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಈಗ ಪಕ್ಕದಲ್ಲೇ ನಿಂತಿದ್ದಳು.

"ಇಲ್ರೀ ಸಾಹೇಬ್ರ," ಎಂದುಬಿಟ್ಟಳು ಮೈಲಾರವ್ವ.

ಕರುಳಿನ ರಕ್ತವನ್ನು ಲಿವರಿಗೆ ಒಯ್ಯುವ ದೊಡ್ಡ ನಾಳವೊಂದಿದೆ, ನಾಳೆ ಲಿವರಿನ ಮೂಲಕ ಸೂಜಿ ತೂರಿಸಿ ಅದನ್ನು ಹಿಡಿಯುತ್ತೇವೆ, ರಕ್ತ ಸೋರುವ ಕವಲುಗಳನ್ನು ಅಲ್ಲಿಂದಲೇ ಮುಚ್ಚುತ್ತೇವೆ ಎಂದರು ಡಾಕ್ಟರು. ಹೊಕ್ಕಳದ ಮಾತನ್ನು ಅವರು ಸುಮ್ಮನೆ ಕೇಳಿರಲಾರರು ಎಂಬುದು ರಾತ್ರಿಯಿಡೀ ಮೈಲಾರವ್ವನನ್ನು ಕೊರೆಯುತ್ತಿತ್ತು.

ಬೆಳಿಗ್ಗೆ ಆಸ್ಪತ್ರೆಯ ತಳ್ಳುಗಾಡಿಯ ಮೇಲೆ ಮಲಗಿಸಿದಾಗ ಹುಡುಗಿ ಅಜ್ಜಿಯ ಸೆರಗು ಹಿಡಿದಳು. "ಆಯಿ, ನೀನೂ ಬಾ."

ಮೈಲಾರವ್ವ ಡಾಕ್ಟರಿಗೆ ಅಡ್ಡ ನಿಂತಳು. "ನಾ ಸುಳ್ಳ ಹೇಳೀನ್ರಿ. ಕೀವಾಗಿತ್ರಿ. ಬೂದಿ ಹಚ್ಚಿದಾಕಿ ನಾನ."

ಡಾಕ್ಟರು ಸೂಜಿಯ ದಾರಿಯನ್ನೇ ಬದಲಿಸಿದರು. ಎಡಪಕ್ಕೆಯಲ್ಲಿ ಊದಿದ್ದ ಗುಲ್ಮಕ್ಕೆ, ಅಂದರೆ ಸ್ಪ್ಲೀನಿಗೆ, ಬಣ್ಣದೌಷಧಿ ಬಿಟ್ಟು ಎಕ್ಸ್-ರೇ ತೆಗೆದರು. ಒಂದೇ ನಾಳ ಇರಬೇಕಾದಲ್ಲಿ ಹುಲ್ಲಿನ ಬೇರಿನಂಥ ಸಿಕ್ಕು ಕಂಡಿತು.

"ಮೂಲ ನಾಳನ ಮುಚ್ಚಿಬಿಟ್ಟೈತಿ. ಹೊಕ್ಕಳದ ಕೀವು ಒಳಗ ಏರಿದ್ರ ಹಿಂಗಾಗತೈತಿ. ಲಿವರನಾಗ ಹುಡುಕಿದ್ರ ಏನೂ ಸಿಗ್ತಿರಲಿಲ್ಲ, ರಕ್ತ ಅಷ್ಟ ಹೋಗ್ತಿತ್ತು," ಎಂದರು. ಅವಳ ಮುಖ ನೋಡಿ ಮತ್ತೆ ಹೇಳಿದರು, "ಈ ನಾಳ ಎಲ್ಲಾರಿಗೂ ಒಂದ ನಮೂನಿ ಇರೂದಿಲ್ಲಬೇ. ಕೆಲವರಿಗೆ ಹುಟ್ಟಿನಿಂದನ ಬ್ಯಾರೆ ಇರತೈತಿ. ಬೂದಿಯಿಂದನ ಆತು ಅಂತ ಖಾತ್ರಿಲೆ ಹೇಳಾಕಾಗೂದಿಲ್ಲ."

ಆ ಮಾತು ಮೈಲಾರವ್ವನ ಭಾರ ಇಳಿಸಲಿಲ್ಲ.

ಶಸ್ತ್ರಚಿಕಿತ್ಸೆ ಮಾಡಿ ಗುಲ್ಮ ತೆಗೆದು, ಅದರ ರಕ್ತನಾಳವನ್ನು ಮೂತ್ರಪಿಂಡದ ನಾಳಕ್ಕೆ ಜೋಡಿಸಿದರು. ತಾಯವ್ವ ಉಳಿದಳು. ಊರಿಗೆ ಮರಳಿದ ದಿನ ಮನೆಯ ಹೊಸ್ತಿಲ ಮೇಲೆ ಹನಮವ್ವ ಅಂದಳು: "ಬೂದಿ ಹಚ್ಚಿದ್ದಕ್ಕ ನನಗ ಸಿಟ್ಟಿಲ್ಲಬೇ ಯವ್ವಾ. ಡಾಕ್ಟರು ಕೇಳಿದಾಗ 'ಇಲ್ಲ' ಅಂದೆಲ್ಲ, ಅದಕ್ಕ."

ಮರುದಿನ ಮೈಲಾರವ್ವ ತಾನು ಹೆರಿಗೆ ಮಾಡಿಸಿ ಕೂಸಿಗೆ ಬೂದಿ ಹಚ್ಚಿದ್ದ ಮನೆಗಳತ್ತ ಹೊರಟಳು. ಮೊದಲು ಬಾಷಾಬಿಯ ಮನೆ.

"ನಿನ್ನ ಮಗನ ಎಡಗಡಿ ಹೊಟ್ಟಿ ಒಂದೀಟು ಮುಟ್ಟಿ ನೋಡ್ಲೇನಬೇ?"

ಬಾಷಾಬಿ ನಗುತ್ತ ಹುಡುಗನನ್ನು ಕರೆದಳು. ಹೊಟ್ಟೆ ಮೆತ್ತಗಿತ್ತು, ಊತ ಕೈಗೆ ಸಿಗಲಿಲ್ಲ. ಚಹಾ ಕುಡಿದು ಹೋಗೆಂದರೂ ಕೂಡದೆ ಮೈಲಾರವ್ವ ಆಚೆ ಮನೆಗೆ ನಡೆದಳು.