ಪಲ್ಲೆದಕ್ಕನಿಗೆ ಹೇಳಿದ ಪಥ್ಯ

ಕುಷ್ಟಗಿಯ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹಸಿ ಪಲ್ಲೆ ಮಾರಿದ ಹೆಣ್ಣುಮಗಳೊಬ್ಬಳಿಗೆ ಒಣ ಪಲ್ಲೆಯ ಪುಡಿ ತುಂಬಿದ ಕ್ಯಾಪ್ಸೂಲು ಮಾರಿದರು, ಆಕೆ ನುಂಗುತ್ತಿದ್ದ ರಕ್ತದೊತ್ತಡದ ಗುಳಿಗೆ ಬಿಡಿಸಿದರು, ಆಕೆ ಸತ್ತಳು. ನಡೆದ ಅನ್ಯಾಯ ಇದು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನದಿಂದ ಬರೆಯಬಹುದು ಎಂದುಕೊಂಡಿದ್ದೆ. ಸಮಾಧಾನ ಬರಲಿಲ್ಲ, ಹೇಸಿಕೆಯೇ ಬಂತು.

ಆಕೆಯ ಬಲಗೈ ಹೆಬ್ಬೆರಳು ಹಸಿರು. ಮೆಂತ್ಯ, ರಾಜಗಿರಿಗಳ ಬೇರು ಚಿವುಟಿ ಚಿವುಟಿ ಉಗುರಿನ ಸಂದಿಗೆ ಇಳಿದಿದ್ದ ಆ ಬಣ್ಣ ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಊರಿಗೆಲ್ಲ ಆಕೆ ಪಲ್ಲೆದಕ್ಕ. ನನಗಿಂತ ಹನ್ನೆರಡು ವರ್ಷ ಕಿರಿಯಳಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ. ಸಾಲಿ ಮಾಸ್ತರನಾಗಿದ್ದ ನನ್ನನ್ನು ಆಕೆ ಮೊದಲ ಸಲ ಮಾತನಾಡಿಸಿದ್ದೇ ನಾಲ್ಕು ಮಂದಿಯೆದುರು ಅವಮಾನ ಮಾಡಿ:

“ಮಾಸ್ತರ್ರ, ಸಾಲ್ಯಾಗ ಹುಡುಗರ ಕಿವಿ ಹಿಂಡಿದ್ದು ಸಾಕಾಗಿಲ್ಲೇನ್ರಿ? ನನ್ನ ಟೊಮೆಟೊ ಯಾಕ ಹಿಂಡಾಕತ್ತೀರಿ?”

ಸುತ್ತಲಿದ್ದವರೆಲ್ಲ ನಕ್ಕ ಆ ನಗೆ ನನಗೆ ಇಂದಿಗೂ ಕೇಳಿಸುತ್ತದೆ. ಎರಡು ವಾರ ಅತ್ತ ಸುಳಿಯಲಿಲ್ಲ. ಮೂರನೆಯ ವಾರ ಹೋದಾಗ ಏನೂ ನಡೆದಿಲ್ಲವೆಂಬಂತೆ ತೂಕ ಮಾಡಿ, ಮೇಲೊಂದು ಹಿಡಿ ಕೊತ್ತಂಬರಿಯನ್ನು ಕೊಸರು ಹಾಕಿದಳು. ಮುಂದೆ ನನಗೆ ಸಕ್ಕರೆ ಕಾಯಿಲೆ ಬಂದ ಮೇಲೆ ನನ್ನ ಚೀಲದ ಅಧಿಕಾರವನ್ನೇ ಆಕೆ ವಹಿಸಿಕೊಂಡಳು. “ಆಲೂಗಡ್ಡಿ ನಿಮಗ ಕೊಡಂಗಿಲ್ಲ. ಬೇಕಾದ್ರ ಬ್ಯಾರೆ ಕಡೆ ಹೋಗ್ರಿ. ಹಕ್ಕರಕಿ ಸೊಪ್ಪು ಒಯ್ರಿ, ಹಸೀದ ತಿನ್ರಿ.” ಇಂದು ನಾನು ಊರುಗೋಲಿಲ್ಲದೆ ನಡೆಯುತ್ತಿರುವುದರಲ್ಲಿ ವೈದ್ಯರಷ್ಟೇ ಪಾಲು ಆ ಹಠಮಾರಿಯದೂ ಇದೆ.

ತಾನು ಮಾತ್ರ ಮಧ್ಯಾಹ್ನ ಮಂಡಕ್ಕಿ, ಮಿರ್ಚಿ ಭಜಿ, ಮೇಲೆ ಸಕ್ಕರೆ ಸುರಿದ ಚಹಾ. ಯಾಕೆಂದು ಕೇಳಿದರೆ, “ಛಲೋದೆಲ್ಲಾ ನಾನ ತಿಂದ್ರ ನಿಮಗೇನು ಕೊಡ್ಲಿ?” ಎನ್ನುತ್ತಿದ್ದಳು. ದಿನವಿಡೀ ಗೋಣಿತಟ್ಟಿನ ಮೇಲೆ ಕುಳಿತ ಮೈ ದಪ್ಪಗಾಯಿತು, ಕಾಲು ಬಾತವು. ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದಾಗ ಆಕೆಯ ಮಗಳೂ ನಾನೂ ಕೊಪ್ಪಳಕ್ಕೆ ಕರೆದುಕೊಂಡು ಹೋದೆವು. ವೈದ್ಯರು ಆಕೆಗೆ ತಿಳಿಯುವಂತೆಯೇ ಹೇಳಿದರು: “ನೋಡವ್ವಾ, ಸೊಂಟದ ಬೊಜ್ಜು, ಬಿಪಿ, ಸಕ್ಕರಿ, ರಕ್ತದಾಗಿನ ಕೊಬ್ಬು, ನಾಲ್ಕೂ ಕೂಡಿ ನಿನ್ನ ಹೃದಯದ ಮ್ಯಾಲೆ ಕುಂತಾವ. ಪಲ್ಲೆ ತಿನ್ನು, ನಡೆದಾಡು. ಗುಳಗಿ ಮಾತ್ರ ಒಂದು ದಿನಾನೂ ಬಿಡಬ್ಯಾಡ.” ಆಕೆ ಬಿಡಲಿಲ್ಲ. ಒಂದೂವರೆ ವರ್ಷ, ಬೆಳಿಗ್ಗೆ ತಕ್ಕಡಿ ಕಟ್ಟುವ ಮೊದಲು ಗುಳಿಗೆ ನುಂಗಿ, ಖಾಲಿಯಾದ ಜಾಗವನ್ನು ನನಗೆ ತೋರಿಸಿ, “ಹಾಜರಿ ಹಾಕ್ರಿ” ಎನ್ನುತ್ತಿದ್ದಳು.

ಆಗ ಬಂದ ಅವನು. ನನ್ನ ಕೈಯಲ್ಲಿ ಕಲಿತವನೇ. ಗಂಗಾವತಿಯಲ್ಲಿ ಸಭೆಗಳನ್ನು ನಡೆಸಿ ಹಣ್ಣು ತರಕಾರಿಗಳ ಕ್ಯಾಪ್ಸೂಲು ಮಾರುವವನು. ಕತ್ತಿಗೆ ಟೈ, ಕೈಯಲ್ಲಿ ಕೆಂಪು ಹೃದಯದ ಚಿತ್ರವಿದ್ದ ಹಾಳೆ. ಅಕ್ಕನಿಗೆ ಮೊದಲು ನಗೆಯೇ ಬಂತು. “ಮಾಸ್ತರ್ರ, ನನ್ನ ಬುಟ್ಟಿನ ಇಷ್ಟ ಗುಳಗ್ಯಾಗ ತುರುಕ್ಯಾನಂತ ನೋಡ್ರಿ!”

ಅವನು ನಗಲಿಲ್ಲ. “ಯಕ್ಕಾ, ಹೃದಯ ಸ್ವಚ್ಛ ಆಗತೈತಿ. ಆದ್ರ ನಲವತ್ತು ದಿನ ಪಥ್ಯ. ಬ್ಯಾರೆ ಗುಳಗಿ ಬಾಯಾಗ ಹೋಗಬಾರ್ದು” ಎಂದ.

ಪಥ್ಯ ಎಂದೊಡನೆ ಆಕೆಯ ನಗೆ ನಿಂತಿತು. ನಮ್ಮ ಕಡೆ ಕಾಮಾಲೆಗೆ ಬೇರಿನ ಔಷಧ ಕೊಡುವವರು ಪಥ್ಯ ಕಟ್ಟುತ್ತಾರೆ. ಅದು ಮುಗಿಯುವವರೆಗೆ ಬೇರೆ ಯಾವ ಔಷಧಿಯನ್ನೂ ಮುಟ್ಟುವಂತಿಲ್ಲ, ಮುಟ್ಟಿದರೆ ಔಷಧಿ ತಿರುಗಿ ಬೀಳುತ್ತದೆಂಬ ಭಯ. ಆಕೆಯ ಮಗಳು ಎಳೆಯವಳಿದ್ದಾಗ ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಅಂಥ ಪಥ್ಯ ಹಿಡಿದೇ ಬದುಕಿದಳೆಂದು ಆಕೆ ನಂಬಿದ್ದಳು. ಈ ನಂಬಿಕೆಯನ್ನು ಅವನು ಬಲ್ಲ. ಅವನೂ ಈ ಮಣ್ಣಿನವನೇ.

ನಾನು ತಡೆದೆ. “ವೈದ್ಯರನ್ನ ಕೇಳಲಾರ್ದ ಗುಳಗಿ ಬಿಡಬ್ಯಾಡ” ಎಂದೆ. ಅದಕ್ಕೆ ನನ್ನ ಶಿಷ್ಯ ಮಾರುಕಟ್ಟೆಯೆಲ್ಲ ಕೇಳುವಂತೆ, “ಸರ್, ನೀವು ಗಣಿತ ಕಲಿಸಿದವ್ರು, ಡಾಕ್ಟರಕಿ ಅಲ್ಲ. ವಯಸ್ಸಾತು, ಮನ್ಯಾಗ ಆರಾಮ ಕುಂದರ್ರಿ” ಎಂದ. ಅಕ್ಕ ಮುಖ ತಗ್ಗಿಸಿ ಮೆಂತ್ಯ ಬಿಡಿಸುತ್ತ, “ನಲವತ್ತ ದಿನ ಅಲ್ರೀ ಮಾಸ್ತರ್ರ, ನೋಡೂಣು ಬಿಡ್ರಿ” ಎಂದಳು.

ನಾನು ಚೀಲ ಮಡಚಿಕೊಂಡು ಹೊರಟೆ. ಅವನ ಮಾತಿಗಿಂತ ಆಕೆಯ ‘ಬಿಡ್ರಿ’ ನನ್ನನ್ನು ಹೆಚ್ಚು ನೋಯಿಸಿತು. ಈ ಸಲ ಐದು ವಾರ ಅತ್ತ ಹೋಗಲಿಲ್ಲ. ಹೋಗಿದ್ದರೆ ಆಕೆಯೆದುರು ಕುಳಿತು ಒಂದು ಗುಳಿಗೆ ನುಂಗಿಸಬಹುದಿತ್ತು. ಆಕೆಯ ಮಗಳ ಕೂಸಿನ ಆಣೆ ಹಾಕಿಸಬಹುದಿತ್ತು. ಕೊಪ್ಪಳದ ವೈದ್ಯರಿಗೆ ಫೋನು ಹಚ್ಚಿ ಆಕೆಯ ಕಿವಿಗೆ ಹಿಡಿಯಬಹುದಿತ್ತು. ಹೋಗಲಿಲ್ಲ. ಆಕೆಯ ಋಣ ನನ್ನ ಮೇಲೆ ಹೀಗೆ ಉಳಿಯಿತು.

ಮೂವತ್ತಾರನೆಯ ದಿನ, ಸಂತೆಯ ಬೆಳಿಗ್ಗೆ, ಬದನೆಕಾಯಿ ತೂಗುತ್ತಿದ್ದಾಗ ಆಕೆಯ ಮೈಯೆಲ್ಲ ಬೆವರಿತಂತೆ. “ಎದಿ ಹಿಡಕೊಂಡಂಗ ಆಗೇತಿ, ಸ್ವಲ್ಪ ತಡಿರಿ” ಎಂದು ಗಿರಾಕಿಗೆ ಹೇಳಿ ಚೀಲಗಳಿಗೆ ಒರಗಿದಳಂತೆ. ಕೊಪ್ಪಳ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಅದೇ ವೈದ್ಯರು ಕೇಳಿದ್ದು ಒಂದೇ ಮಾತು: “ಗುಳಗಿ ಎಂದಿನಿಂದ ಬಿಟ್ಟಾರ?”

ಮೂರನೆಯ ದಿನ ಮಗಳು ಆಕೆಯ ಗಂಟು ಬಿಚ್ಚಿ ತೋರಿಸಿದಳು. ರಕ್ತದೊತ್ತಡದ ಗುಳಿಗೆಗಳು ಒಂದೂ ಒಡೆಯದೆ ಇದ್ದವು. ಕ್ಯಾಪ್ಸೂಲಿನ ಡಬ್ಬಿಯಲ್ಲಿ ನಾಲ್ಕೇ ನಾಲ್ಕು ಉಳಿದಿದ್ದವು. ಪಥ್ಯವನ್ನು ಆಕೆ ಅಷ್ಟು ನಿಷ್ಠೆಯಿಂದ ನಡೆಸಿದ್ದಳು. ಭೂತಗನ್ನಡಿ ಹಿಡಿದು ಆ ಡಬ್ಬಿಯನ್ನು ಓದಿದೆ. ತಳದಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು: ಇದು ಔಷಧವಲ್ಲ, ಯಾವ ರೋಗವನ್ನೂ ಗುಣಪಡಿಸುವುದಕ್ಕಲ್ಲ.

ಡಬ್ಬಿ ಹಿಡಿದು ಗಂಗಾವತಿಗೆ ಹೋದೆ. ಅವನು ನನ್ನನ್ನು ಕೂರಲೂ ಹೇಳಲಿಲ್ಲ. “ನಾವೇನು ಮುಚ್ಚಿಟ್ಟಿಲ್ಲ ಸರ್. ಎಲ್ಲಾ ಡಬ್ಬಿ ಮ್ಯಾಲ ಬರದೈತಿ, ಓದಿ ತಗೋಬೇಕಿತ್ತು” ಎಂದ. ಆಕೆಗೆ ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ. ತೂಕದ ಕಲ್ಲುಗಳನ್ನು ಕೈಯ ಅಳತೆಯಲ್ಲೇ ಗುರುತಿಸುತ್ತಿದ್ದಳು. ಅದು ಅವನಿಗೆ ತಿಳಿದಿತ್ತು.

ಅವನನ್ನೂ, ಅವನಿಗೆ ಟೈ ಕಟ್ಟಿ ಊರೂರು ತಿರುಗಲು ಕಳಿಸಿದವರನ್ನೂ ಇಲ್ಲಿ ಬಹಿರಂಗವಾಗಿ ಕೇಳುತ್ತಿದ್ದೇನೆ: ಡಬ್ಬಿಯ ತಳದ ಆ ಸಾಲನ್ನು ಓದಬಲ್ಲ ಒಬ್ಬನಿಗಾದರೂ ನೀವು ಪಥ್ಯ ಹೇಳಿದ್ದುಂಟೇ?